ಎರಡು ತಲೆ, ಒಂದೇ ಒಡಲು: ಗಂಡಭೇರುಂಡ ಲಾಂಛನದ ಇಂಗಿತ

ಲಾಂಛನವೆಂಬುದು ಮಾತಿಲ್ಲದೆ ಮಾತಾಡುವ ಒಂದು ಭಾಷೆ. ಅಕ್ಷರವರಿಯದ ಕೃಷಿಕನಿಗೂ, ಪರಭಾಷೆಯ ವರ್ತಕನಿಗೂ, ದೂರದಿಂದ ಬರುತ್ತಿರುವ ಸೇನೆ ಯಾರದೆಂದು ಕೋಟೆಯ ಮೇಲೆ ನಿಂತು ನೋಡುವ ಕಾವಲುಗಾರನಿಗೂ ಏಕಕಾಲದಲ್ಲಿ ಅರ್ಥವಾಗಬೇಕಾದ ಭಾಷೆ ಅದು. ಆದಕಾರಣವೇ ಪ್ರಾಚೀನ ಅರಸು ಮನೆತನಗಳೆಲ್ಲವೂ ತಮ್ಮ ಧ್ವಜಕ್ಕೂ ಮುದ್ರೆಗೂ ಒಂದೊಂದು ಜೀವಿಯನ್ನು ಆಯ್ದುಕೊಂಡವು. ಕದಂಬರಿಗೆ ಸಿಂಹ, ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಹೊಯ್ಸಳರಿಗೆ ಸಳನಿಂದ ಇರಿಯಲ್ಪಟ್ಟ ಮೃಗ, ವಿಜಯನಗರದವರಿಗೆ ಮರಳಿ ವರಾಹ, ಟಿಪ್ಪುಸುಲ್ತಾನನಿಗೆ ಹುಲಿ. ಇವುಗಳಲ್ಲಿ ಬಹುಪಾಲು ಕಾಡಿನಲ್ಲಿ ಕಣ್ಣಿಗೆ ಕಾಣುವ ಪ್ರಾಣಿಗಳೇ. ಆದರೆ ಇಂದಿನ ಕರ್ನಾಟಕ ರಾಜ್ಯದ ಲಾಂಛನದ ನಡುವಿರುವ ಗಂಡಭೇರುಂಡ ಯಾವ ಕಾಡಿನಲ್ಲಿಯೂ ಇಲ್ಲ. ಯಾವ ಬೇಟೆಗಾರನ ಬಲೆಗೂ ಅದು ಬಿದ್ದಿಲ್ಲ. ಅದು ಕೇವಲ ಕಲ್ಪನೆಯ ಸೃಷ್ಟಿ.

ಕಲ್ಪಿತ ಜೀವಿಯೊಂದು ಜೀವಂತ ಜನಾಂಗದ ಗುರುತಾಗುವುದು ವಿಚಿತ್ರವೆಂದು ತೋರಬಹುದು. ಆದರೆ ಇದು ಲೋಕದಲ್ಲೆಲ್ಲ ನಡೆದಿರುವ ಸಂಗತಿ. ಇಂಡೊನೇಷ್ಯಾ ದೇಶ 1950ರಲ್ಲಿ ಗರುಡನನ್ನು ತನ್ನ ರಾಷ್ಟ್ರಲಾಂಛನವಾಗಿ ಸ್ವೀಕರಿಸಿತು. ಎರಡು ತಲೆಯ ಹದ್ದು ಬೈಜಾಂಟಿಯಂ ಸಾಮ್ರಾಜ್ಯದಿಂದ ರಷ್ಯಾ, ಆಲ್ಬೇನಿಯಾಗಳವರೆಗೆ ಹಾರಿದೆ. ಕಾಣುವ ಪ್ರಾಣಿಗೆ ಅದರದೇ ಗುಣದೋಷಗಳಿರುತ್ತವೆ. ಕಲ್ಪಿತ ಪ್ರಾಣಿಗಾದರೋ ಜನರು ಯಾವ ಗುಣವನ್ನು ತುಂಬುವರೋ ಅದೇ ಗುಣ. ಇದೇ ಅದರ ಶಕ್ತಿ, ಇದೇ ಅದರ ಅಪಾಯ. ಈ ಎರಡನ್ನೂ ಒಟ್ಟಿಗೆ ತೋರಿಸಬಲ್ಲ ಸ್ಫುಟವಾದ ನಿದರ್ಶನವೊಂದು ಪೂರ್ವದಿಕ್ಕಿನ ಕೊರಿಯಾ ದೇಶದಲ್ಲಿದೆ. ಅದನ್ನು ಮೊದಲು ನೋಡಿ ಬಳಿಕ ಗಂಡಭೇರುಂಡದತ್ತ ತಿರುಗುವುದು ಯುಕ್ತ.

ಭಾರತೀಯರಿಗೆ ದಿವ್ಯಾಶ್ವ ಅಪರಿಚಿತವಲ್ಲ. ಕ್ಷೀರಸಾಗರವನ್ನು ಕಡೆದಾಗ ಉಚ್ಚೈಃಶ್ರವ ಹುಟ್ಟಿತು. ಸೂರ್ಯನ ರಥಕ್ಕೆ ಏಳು ಕುದುರೆಗಳು. ಇದರಂತೆ ಚೀನಾ, ಕೊರಿಯಾ ದೇಶಗಳಲ್ಲಿಯೂ ಒಂದು ಅದ್ಭುತವಾದ ಕುದುರೆಯ ಕಥೆಯುಂಟು. ಕೊರಿಯನ್ನರು ಅದನ್ನು ಚೊಲ್ಲಿಮಾ ಎನ್ನುತ್ತಾರೆ. ಒಂದೇ ದಿನದಲ್ಲಿ ಸಾವಿರ ‘ರೀ’ ದೂರ ಓಡುವ ಕುದುರೆ ಎಂಬುದು ಆ ಹೆಸರಿನ ಅರ್ಥ. ಅಲ್ಲಿನ ಒಂದು ರೀ ಸುಮಾರು 400 ಮೀಟರು. ಎಂದರೆ ಬೆಂಗಳೂರಿನಿಂದ ಹುಬ್ಬಳ್ಳಿಯವರೆಗಿನ ದಾರಿಯನ್ನು ಆ ಕುದುರೆ ಒಂದು ಹಗಲಿನಲ್ಲಿ ಕ್ರಮಿಸಬೇಕು. ಅದರ ವೇಗ ಎಷ್ಟೆಂದರೆ ಅದನ್ನು ಏರಿ ಕುಳಿತುಕೊಳ್ಳಬಲ್ಲ ಸವಾರನೇ ಇಲ್ಲವೆಂದು ಕಥೆ ಹೇಳುತ್ತದೆ. ಕಾಲಕ್ರಮದಲ್ಲಿ ಚಿತ್ರಕಾರರೂ ಶಿಲ್ಪಿಗಳೂ ಆ ಕುದುರೆಗೆ ರೆಕ್ಕೆಗಳನ್ನಿತ್ತರು.

ಕೊರಿಯಾದಲ್ಲಿ ಕುದುರೆಯ ದಿವ್ಯತ್ವಕ್ಕೆ ಪ್ರಾಚೀನ ಪರಂಪರೆಯಿದೆ. ಹದಿಮೂರನೆಯ ಶತಮಾನದಲ್ಲಿ ಇರ್ಯೋನ್ ಎಂಬ ಬೌದ್ಧ ಭಿಕ್ಷು ಸಂಗ್ರಹಿಸಿದ ‘ಸಂಗುಕ್ ಯೂಸ’ ಎಂಬ ಗ್ರಂಥದಲ್ಲಿ ಸಿಲ್ಲಾ ರಾಜ್ಯದ ಮೂಲಪುರುಷನ ಜನ್ಮವೃತ್ತಾಂತವಿದೆ. ಬಾವಿಯೊಂದರ ಬಳಿ ಬಿಳಿಯ ಕುದುರೆಯೊಂದು ಮಂಡಿಯೂರಿ ನಮಿಸುತ್ತಿತ್ತು. ಜನ ಹತ್ತಿರ ಬರಲು ಅದು ಕೆನೆದು ಆಕಾಶಕ್ಕೇರಿತು. ಅದು ನಿಂತಿದ್ದ ಎಡೆಯಲ್ಲಿ ಒಂದು ಮೊಟ್ಟೆ ದೊರೆಯಿತು. ಆ ಮೊಟ್ಟೆಯಿಂದ ಹುಟ್ಟಿದ ಶಿಶುವೇ ಮುಂದೆ ಅರಸನಾದ ಎಂದು ಕಥೆ. 1973ರಲ್ಲಿ ಸಿಲ್ಲಾ ರಾಜ್ಯದ ರಾಜಧಾನಿಯಾಗಿದ್ದ ಗ್ಯೋಂಗ್‌ಜುವಿನಲ್ಲಿ ಪ್ರಾಚೀನ ಸಮಾಧಿಯೊಂದನ್ನು ಉತ್ಖನನ ಮಾಡಿದಾಗ, ಕುದುರೆಯ ಜೀನಿನ ಕೆಳಗೆ ಇಳಿಬೀಳುವ ಕೆಸರುತಡೆಯೊಂದು ದೊರೆಯಿತು. ಅದು ಭೂರ್ಜವೃಕ್ಷದ ತೊಗಟೆಯಿಂದ ಮಾಡಿದ್ದು. ಅದರ ಮೇಲೆ ಗಾಳಿಯಲ್ಲಿ ತೇಲುವಂತಹ ಬಿಳಿಯ ಕುದುರೆಯ ಚಿತ್ರ. ಸಂಸ್ಕೃತ ಗ್ರಂಥಗಳನ್ನು ಕಾಶ್ಮೀರದ ಪಂಡಿತರು ಬರೆದಿಡುತ್ತಿದ್ದುದೂ ಇಂತಹ ಭೂರ್ಜಪತ್ರದ ಮೇಲೆಯೇ ಎಂಬುದನ್ನು ಇಲ್ಲಿ ನೆನೆಯಬಹುದು. ಆ ಸಮಾಧಿಗೆ ‘ದಿವ್ಯಾಶ್ವದ ಸಮಾಧಿ’ ಎಂಬರ್ಥದ ಹೆಸರೇ ನಿಂತಿತು. ದಕ್ಷಿಣ ಕೊರಿಯಾ ಆ ಚಿತ್ರವನ್ನು ರಾಷ್ಟ್ರೀಯ ನಿಧಿಯೆಂದು ಘೋಷಿಸಿ ಕಾಪಾಡಿಕೊಂಡು ಬಂದಿದೆ.

ಉತ್ತರ ಕೊರಿಯಾದಲ್ಲಿ ಕುದುರೆಯ ಗತಿ ಬೇರೆಯಾಯಿತು. 1950ರಿಂದ 1953ರವರೆಗೆ ನಡೆದ ಯುದ್ಧದಲ್ಲಿ ನೆಲಸಮವಾಗಿದ್ದ ದೇಶವನ್ನು ಮರಳಿ ಕಟ್ಟುವ ಸಂಕಲ್ಪದಿಂದ ಅಲ್ಲಿನ ಸರಕಾರ 1956ರ ಕೊನೆಯಲ್ಲಿ ಚೊಲ್ಲಿಮಾ ಹೆಸರಿನ ಚಳವಳಿಯನ್ನು ಹೂಡಿತು. ಕಾರ್ಖಾನೆಯ ಕೆಲಸಗಾರನೂ ಹೊಲದ ರೈತನೂ ಚೊಲ್ಲಿಮಾದ ವೇಗದಲ್ಲಿ ದುಡಿಯಬೇಕೆಂಬುದು ಅದರ ಘೋಷಣೆ. 1961ರಲ್ಲಿ ರಾಜಧಾನಿ ಪ್ಯೋಂಗ್‌ಯಾಂಗಿನ ದಿಣ್ಣೆಯೊಂದರ ಮೇಲೆ ಪೀಠವೂ ಸೇರಿ 46 ಮೀಟರು ಎತ್ತರದ ರೆಕ್ಕೆಯ ಕುದುರೆಯ ಪ್ರತಿಮೆ ನಿಂತಿತು. ಯಾರೂ ಏರಲಾರದ ಕುದುರೆಯ ಬೆನ್ನ ಮೇಲೆ ಈಗ ಪಕ್ಷದ ಪತ್ರವನ್ನು ಎತ್ತಿ ಹಿಡಿದ ಕೆಲಸಗಾರನೊಬ್ಬನೂ ಭತ್ತದ ಕಂತೆಯನ್ನು ಹಿಡಿದ ರೈತ ಮಹಿಳೆಯೊಬ್ಬಳೂ ಕುಳಿತರು. ಆದರೆ 1990ರ ದಶಕದ ನಡುವಿನಲ್ಲಿ ಅದೇ ದೇಶಕ್ಕೆ ಘೋರವಾದ ಕ್ಷಾಮ ಬಂದು ಅಸಂಖ್ಯ ಜನ ಹಸಿವಿನಿಂದ ಸತ್ತರು. ಹೀಗಿದ್ದೂ 1998ರಲ್ಲಿ ಚೊಲ್ಲಿಮಾದ ಎರಡನೆಯ ನಡಿಗೆಯ ಘೋಷಣೆ ಬಂತು. 2016ರ ಹೊತ್ತಿಗೆ ಸಾವಿರ ರೀ ಸಾಲದೆಂದು ಹತ್ತು ಸಾವಿರ ರೀ ಓಡುವ ‘ಮಲ್ಲಿಮಾ’ ಎಂಬ ಕುದುರೆಯ ಹೆಸರು ಕೇಳಿಬಂತು. ಕುದುರೆಯ ವೇಗ ಹತ್ತುಮಡಿಯಾಯಿತು; ಅದರ ಹೊಟ್ಟೆಗೆ ಹುಲ್ಲಿದೆಯೇ ಎಂದು ಕೇಳಿದವರ ದನಿ ಮಾತ್ರ ಹೊರಗೆ ಕೇಳಿಸಲಿಲ್ಲ.

ಒಂದೇ ಪರ್ಯಾಯದ್ವೀಪ, ಒಂದೇ ಭಾಷೆ, ಒಂದೇ ದಿವ್ಯಾಶ್ವದ ಸ್ಮೃತಿ. ದಕ್ಷಿಣದಲ್ಲಿ ಅದು ಪೂರ್ವಜರ ನಿಧಿ, ಉತ್ತರದಲ್ಲಿ ದುಡಿಮೆಯ ಚಾವಟಿ. ಕುದುರೆ ಬದಲಾಗಲಿಲ್ಲ, ಅದನ್ನು ಹಿಡಿದ ಕೈ ಬದಲಾಯಿತು. ಇದರಿಂದ ತಿಳಿಯಬೇಕಾದ ತತ್ತ್ವವಿಷ್ಟೆ: ಲಾಂಛನದ ಅರ್ಥ ಲಾಂಛನದೊಳಗೆ ಅಡಗಿಲ್ಲ. ಪ್ರತಿಯೊಂದು ತಲೆಮಾರೂ ಅದಕ್ಕೆ ಅರ್ಥವನ್ನು ತುಂಬುತ್ತದೆ. ಯಾವ ತಲೆಮಾರು ಆ ಕೆಲಸವನ್ನು ಮರೆಯುತ್ತದೆಯೋ ಅದರ ಪಾಲಿಗೆ ಲಾಂಛನ ಬರಿಯ ಮುದ್ರೆಯಾಗುತ್ತದೆ. ಇಲ್ಲವೆ ಅಧಿಕಾರದಲ್ಲಿರುವವರು ತುಂಬಿದ ಅರ್ಥವೇ ಅದರ ಅರ್ಥವಾಗುತ್ತದೆ.

ಈ ದೃಷ್ಟಿಯಿಂದ ಗಂಡಭೇರುಂಡವನ್ನು ಪರಿಭಾವಿಸಬೇಕಾಗಿದೆ. 1956ರ ನವೆಂಬರ್ 1ರಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾದವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಮೈಸೂರು ಸಂಸ್ಥಾನದ ಲಾಂಛನವಾಗಿದ್ದ ಗಂಡಭೇರುಂಡ ಹೀಗೆ ಏಕೀಕೃತ ರಾಜ್ಯದ ಲಾಂಛನವಾಗಿ ಉಳಿಯಿತು. ಕೆಂಪು ಗುರಾಣಿಯ ಮೇಲೆ ಬಿಳಿಯ ಎರಡು ತಲೆಯ ಹಕ್ಕಿ. ಗುರಾಣಿಯ ಎರಡು ಬದಿಗೂ ಸಿಂಹದ ಒಡಲು ಆನೆಯ ಮುಖಗಳುಳ್ಳ ಎರಡು ಮೃಗಗಳು. ಮೇಲೆ ಅಶೋಕನ ಸಿಂಹಶೀರ್ಷ. ಕೆಳಗೆ ಮುಂಡಕೋಪನಿಷತ್ತಿನಿಂದ ಬಂದ ಧ್ಯೇಯವಾಕ್ಯ. ಸಿಂಹಶೀರ್ಷದ ಪೀಠದಲ್ಲಿ ಓಡುವ ಕುದುರೆಯೂ ಒಂದುಂಟು. ಅದಕ್ಕೆ ರೆಕ್ಕೆಯಿಲ್ಲ, ಅದು ಧರ್ಮಚಕ್ರದ ಪಕ್ಕದಲ್ಲಿ ನೆಲದ ಮೇಲೆಯೇ ಓಡುತ್ತಿದೆ.

ಈ ಲಾಂಛನವನ್ನು ಕಾಣದ ದಿನವೇ ಇಲ್ಲ. ಸರಕಾರದ ಆಜ್ಞಾಪತ್ರಗಳ ತಲೆಯಲ್ಲಿ ಅದಿದೆ. ರಸ್ತೆ ಸಾರಿಗೆ ನಿಗಮದ ಚಿಹ್ನೆಯಲ್ಲಿ ಗಂಡಭೇರುಂಡವಿರುವುದರಿಂದ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ಹಳ್ಳಿಹಳ್ಳಿಗೂ ಬಸ್ಸಿನೊಡನೆ ಅದು ದಿನವೂ ಹೋಗಿಬರುತ್ತದೆ. ಆದರೆ ಆ ಹಕ್ಕಿ ಯಾವುದು, ಎಲ್ಲಿಂದ ಬಂತು, ಏನನ್ನು ಹೇಳುತ್ತದೆ ಎಂದು ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಅದು ಶಕ್ತಿಯ ಸಂಕೇತ.’ ಈ ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ಶಕ್ತಿ ಯಾರದು, ಯಾರ ಮೇಲೆ, ಏತಕ್ಕಾಗಿ ಎಂಬ ಪ್ರಶ್ನೆಗಳನ್ನು ಅದು ಮುಟ್ಟುವುದಿಲ್ಲ. ಕೇವಲ ಶಕ್ತಿಯನ್ನು ಕೊಂಡಾಡುವ ಲಾಂಛನ ರೆಕ್ಕೆಯ ಕುದುರೆಯಂತೆ ಯಾರ ಕೈಗೆ ಬೇಕಾದರೂ ಚಾವಟಿಯಾದೀತು.

ಗಂಡಭೇರುಂಡದ ಇತಿಹಾಸ ಶಕ್ತಿಪ್ರದರ್ಶನದಿಂದಲೇ ಆರಂಭವಾಗುತ್ತದೆಂಬುದನ್ನು ಒಪ್ಪಬೇಕು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಭೇರುಂಡೇಶ್ವರ ಸ್ತಂಭವೆಂದು ಪ್ರಸಿದ್ಧವಾದ ಎತ್ತರದ ಕಂಬವಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ ಬನವಾಸಿ ನಾಡನ್ನಾಳುತ್ತಿದ್ದ ಚಾವುಂಡರಾಯರಸನು 1047ರಲ್ಲಿ ಇದನ್ನು ನಿಲ್ಲಿಸಿದನು. ಆತನ ಬಿರುದುಗಳಲ್ಲಿ ಗಂಡಭೇರುಂಡವೂ ಒಂದು. ಕಂಬದ ಮೇಲಿನ ಮೂರ್ತಿಗೆ ಮನುಷ್ಯನ ದೇಹ, ಹಕ್ಕಿಯ ಎರಡು ತಲೆ. ಬಿರುದಿನ ಗರ್ವದಿಂದ ನಿಂತ ಕಂಬವಾದರೂ ಊರಿನವರು ಅದನ್ನು ತಮ್ಮ ಉಪಯೋಗಕ್ಕೆ ತಂದುಕೊಂಡರು. ಆ ಸೀಮೆಯ ಶಾಸನಗಳಲ್ಲಿ ಹೊಲಗದ್ದೆಗಳನ್ನಳೆಯುವ ‘ಭೇರುಂಡ ಗಳೆ’ಯ ಉಲ್ಲೇಖ ಬರುತ್ತದೆ. ಗಳೆ ಎಂದರೆ ಅಳತೆಯ ಕೋಲು. ಸಾಮಂತನ ಪರಾಕ್ರಮವನ್ನು ಸಾರಿದ ಹೆಸರು ರೈತನ ಭೂಮಿಗೆ ಅನ್ಯಾಯವಾಗದಂತೆ ಅಳೆಯುವ ಕೋಲಿಗೂ ನಿಂತಿತು. ಇದೇ ಬಳ್ಳಿಗಾವೆ ಮುಂದಿನ ಶತಮಾನದಲ್ಲಿ ಅಲ್ಲಮಪ್ರಭುವಿನ ಊರೆಂದು ಪೂಜ್ಯವಾಯಿತೆಂಬುದನ್ನು ಶರಣಪರಂಪರೆಯ ಓದುಗರಿಗೆ ಹೇಳಬೇಕಾಗಿಲ್ಲ. ಅರಸರ ಬಿರುದುಗಳನ್ನೆಲ್ಲ ಬಯಲುಮಾಡಿದ ಜ್ಞಾನಿ ಬಾಲ್ಯದಲ್ಲಿ ಆ ಕಂಬದ ನೆರಳನ್ನು ದಾಟಿಯೇ ನಡೆದಿರಬೇಕು.

ಬಳ್ಳಿಗಾವೆಯ ಬಳಿಕ ಬೇಲೂರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿದ ಚೆನ್ನಕೇಶವ ದೇವಾಲಯದಲ್ಲಿ ಬೇಟೆಯ ಸರಪಣಿಯಂತಹ ಒಂದು ಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ; ಹೆಬ್ಬಾವನ್ನು ಆನೆ ಎತ್ತಿದೆ; ಆನೆಯ ಮೇಲೆ ಸಿಂಹ ಎರಗಿದೆ; ಸಿಂಹವನ್ನು ಶರಭ ಹಿಡಿದಿದೆ; ಶರಭವನ್ನು ಗಂಡಭೇರುಂಡ ಹಿಡಿದಿದೆ. ಪಕ್ಕದಲ್ಲಿ ಋಷಿಯೊಬ್ಬನು ಇದೆಲ್ಲವನ್ನೂ ವಿಸ್ಮಯದಿಂದ ನೋಡುತ್ತಿದ್ದಾನೆ. ನೋಡುವವರು ಸಾಮಾನ್ಯವಾಗಿ ಎಲ್ಲಕ್ಕಿಂತ ಬಲಿಷ್ಠವಾದ ಹಕ್ಕಿಯನ್ನೇ ಮೆಚ್ಚಿ ಹೋಗುತ್ತಾರೆ. ಆದರೆ ಶಿಲ್ಪಿ ಋಷಿಯನ್ನೂ ಕೆತ್ತಿದ್ದು ವೃಥಾ ಅಲ್ಲ. ಬಲದ ಮೇಲೆ ಬಲ, ಅದರ ಮೇಲೆ ಮತ್ತೊಂದು ಬಲ ಎಂಬ ಈ ಸರಪಣಿಗೆ ಕೊನೆಯೆಲ್ಲಿ ಎಂದು ಕೇಳುವವನು ಅವನೊಬ್ಬನೇ. ವಿದ್ಯಾಲಯವೆಂಬುದು ಆ ಋಷಿಯ ಸ್ಥಾನದಲ್ಲಿ ನಿಲ್ಲಬೇಕಾದ ಸಂಸ್ಥೆ.

ವಿಜಯನಗರದ ಅಚ್ಯುತದೇವರಾಯನು ತನ್ನ ಚಿನ್ನದ ನಾಣ್ಯಗಳ ಮೇಲೆ ಗಂಡಭೇರುಂಡವನ್ನು ಅಚ್ಚೊತ್ತಿಸಿದನು. ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದು ಹಾರುವ ಹಕ್ಕಿ ಅದು. ಮುಂದೆ ಮೈಸೂರಿನ ಒಡೆಯರು ಅದನ್ನು ತಮ್ಮ ಮನೆತನದ ಗುರುತಾಗಿ ಧರಿಸಿದರು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆಗೂ ಅದು ಬಂತು. ಇಲ್ಲಿ ಒಂದು ಮಾರ್ಪಾಟು ಗಮನಾರ್ಹ. ಅಚ್ಯುತರಾಯನ ನಾಣ್ಯದ ಹಕ್ಕಿ ಬೇಟೆಯನ್ನು ಹಿಡಿದಿದೆ. ವಿಶ್ವವಿದ್ಯಾನಿಲಯದ ಮತ್ತು ರಾಜ್ಯದ ಲಾಂಛನಗಳಲ್ಲಿರುವ ಹಕ್ಕಿಯ ಉಗುರುಗಳಲ್ಲಿ ಆನೆಗಳಿಲ್ಲ. ನಾಲ್ಕೈದು ಶತಮಾನಗಳಲ್ಲಿ ಹಕ್ಕಿ ತನ್ನ ಬೇಟೆಯನ್ನು ಕೆಳಗಿಳಿಸಿದೆ.

ಇದಕ್ಕಿಂತಲೂ ಆಳವಾದ ಮಾರ್ಪಾಟು ಮತಸಂಬಂಧವಾದುದು. ಪುರಾಣಕಥೆಯನ್ನು ಬಲ್ಲವರಿಗೆ ಇದು ತಿಳಿದ ವಿಷಯ. ಹಿರಣ್ಯಕಶಿಪುವನ್ನು ಸಂಹರಿಸಿದ ನರಸಿಂಹನ ಉಗ್ರತೆ ಶಮನವಾಗದಿರಲು, ಶಿವನ ಆಜ್ಞೆಯಂತೆ ವೀರಭದ್ರನು ಶರಭರೂಪವನ್ನು ತಾಳಿ ನರಸಿಂಹನನ್ನು ಅಡಗಿಸಿದನೆಂದು ಲಿಂಗಪುರಾಣವೇ ಮೊದಲಾದ ಶೈವಗ್ರಂಥಗಳು ಹೇಳುತ್ತವೆ. ಇದಕ್ಕೆ ಪ್ರತಿಯಾಗಿ ವಿಷ್ಣುವು ಗಂಡಭೇರುಂಡ ರೂಪವನ್ನು ತಾಳಿ ಶರಭನನ್ನು ಗೆದ್ದನೆಂದು ವೈಷ್ಣವರ ಕಥೆ. ಒಬ್ಬರ ದೈವದ ಮೇಲೆ ಇನ್ನೊಬ್ಬರ ದೈವವನ್ನೇರಿಸುವ ಹಟದಿಂದ ಬೆಳೆದ ಕಥೆಗಳಿವು ಎಂಬುದರಲ್ಲಿ ಸಂಶಯವಿಲ್ಲ. ಈ ಲೆಕ್ಕದಲ್ಲಿ ನೋಡಿದರೆ ಶೈವರಿಗೆ ಗಂಡಭೇರುಂಡ ಒಪ್ಪಿಗೆಯಾಗಬಾರದಾಗಿತ್ತು. ವೀರಭದ್ರನನ್ನು ಆರಾಧಿಸುವ ವೀರಶೈವರಿಗಂತೂ ಅದು ಮುಖಭಂಗದ ಗುರುತಾಗಬೇಕಾಗಿತ್ತು.

ಆದರೆ ನಡೆದುದೇ ಬೇರೆ. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ ಗುಡಿಗಳ ಸಮುಚ್ಚಯದ ಮೇಲ್ಛಾವಣಿಯಲ್ಲಿ ಗಂಡಭೇರುಂಡದ ಭವ್ಯವಾದ ಕೆತ್ತನೆಯಿದೆ. ಕೆಳದಿಯ ನಾಯಕರು ವೀರಶೈವರು. ಮಠಗಳಿಗೆ ಉದಾರವಾಗಿ ದತ್ತಿಗಳನ್ನು ಬಿಟ್ಟವರು. ಅವರಿಗೆ ಶರಭನ ಕಥೆ ತಿಳಿಯದಿರಲಿಲ್ಲ. ತಿಳಿದೂ ಅವರು ಆ ಹಕ್ಕಿಯನ್ನು ಶಿವನ ಗುಡಿಯ ಛಾವಣಿಗೇರಿಸಿ ಗೌರವಿಸಿದರು. ಕಥೆಯ ಹಗೆಯನ್ನು ಬಿಟ್ಟು ಅದರ ಸೊಬಗನ್ನೂ ಸತ್ತ್ವವನ್ನೂ ಉಳಿಸಿಕೊಂಡರು.

ರಾಜ್ಯದ ಲಾಂಛನದಲ್ಲಿ ಇದೇ ವಿವೇಕ ಇನ್ನೂ ಸ್ಪಷ್ಟವಾಗಿದೆ. ಗುರಾಣಿಯ ಎರಡು ಬದಿಗೂ ನಿಂತ ಮೃಗಗಳನ್ನು ಕೆಲವರು ಗಜಕೇಸರಿ ಎನ್ನುತ್ತಾರೆ, ಕೆಲವರು ಯಾಳಿ ಎನ್ನುತ್ತಾರೆ, ಶರಭವೆಂದು ಕರೆಯುವ ರೂಢಿಯೂ ಉಂಟು. ಪುರಾಣದಲ್ಲಿ ಯಾವ ಹಕ್ಕಿ ಶರಭವನ್ನು ಸೀಳಿತೋ ಅದೇ ಹಕ್ಕಿಯನ್ನು ಇಲ್ಲಿ ಶರಭಗಳೇ ಎರಡು ಕಡೆ ನಿಂತು ಎತ್ತಿ ಹಿಡಿದಿವೆ. ಗೆದ್ದವನೂ ಸೋತವನೂ ಒಂದೇ ಪೀಠದ ಮೇಲೆ ಸಮಾನ ಗೌರವದಿಂದ ನಿಂತಿದ್ದಾರೆ. ಅವರೆಲ್ಲರ ತಲೆಯ ಮೇಲೆ ಬೌದ್ಧಧರ್ಮವನ್ನು ಅವಲಂಬಿಸಿದ ಚಕ್ರವರ್ತಿಯ ಸಿಂಹಶೀರ್ಷವಿದೆ. ಶೈವ, ವೈಷ್ಣವ, ಬೌದ್ಧ ಸಂಕೇತಗಳು ಹೀಗೆ ಒಂದೇ ಮುದ್ರೆಯೊಳಗೆ ಕೂಡಿರುವುದನ್ನು ಯಾವ ಶಾಲೆಯ ಮಕ್ಕಳಿಗಾದರೂ ಐದು ನಿಮಿಷಗಳಲ್ಲಿ ತೋರಿಸಿಕೊಡಬಹುದು. ತೋರಿಸುವವರು ಬೇಕು ಅಷ್ಟೆ.

ಗಂಡಭೇರುಂಡ ಎಂಬ ಶಬ್ದವೂ ಇದನ್ನೇ ಹೇಳುತ್ತದೆ. ಭೇರುಂಡವೆಂಬುದು ಸಂಸ್ಕೃತದಿಂದ ಬಂದ ಪದ. ಗಂಡ ಎಂಬುದನ್ನು ಕನ್ನಡದ ‘ಶೂರ’, ‘ಒಡೆಯ’ ಎಂಬರ್ಥದ ಶಬ್ದವೆಂದು ಹಿಡಿದರೆ, ಮೂರುರಾಯರ ಗಂಡ ಎಂಬಂತಹ ಬಿರುದುಗಳಲ್ಲಿರುವುದೂ ಅದೇ ಶಬ್ದ. ಸಂಸ್ಕೃತ ಪದದೊಡನೆ ಕನ್ನಡ ಪದವನ್ನು ಕೂಡಿಸಿ ಸಮಾಸ ಮಾಡುವುದನ್ನು ವೈಯಾಕರಣರು ಅರಿಸಮಾಸವೆಂದು ನಿಷೇಧಿಸಿದ್ದಾರೆ. ಅರಿ ಎಂದರೆ ಶತ್ರು. ಒಂದಕ್ಕೊಂದು ಹೊಂದದ ಪದಗಳ ಕೂಟವೆಂದು ತಾತ್ಪರ್ಯ. ಆದರೆ ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಬಿರುದಾವಳಿಗಳಿಗೆ ಈ ನಿಷೇಧದಿಂದ ವಿನಾಯಿತಿ ಕೊಟ್ಟನು. ಜನರ ನಾಲಗೆಯಲ್ಲಿ ಬೆರೆತುಹೋದುದನ್ನು ಶಾಸ್ತ್ರ ಬೇರ್ಪಡಿಸಲಾರದೆಂದು ಆ ಮಹಾವೈಯಾಕರಣನು ಅರಿತಿದ್ದನು. ವ್ಯಾಕರಣದಲ್ಲಿ ಅರಿಗಳಾದ ಪದಗಳು ಬಿರುದಿನಲ್ಲಿ ಮಿತ್ರರಾದವು. ಪುರಾಣದಲ್ಲಿ ಅರಿಗಳಾದ ಮೃಗಪಕ್ಷಿಗಳು ಲಾಂಛನದಲ್ಲಿ ಮಿತ್ರರಾದವು. ಕನ್ನಡ ನಾಡಿನ ಸಂಸ್ಕೃತಿ ಬೆಳೆದುಬಂದ ಬಗೆಯೇ ಇದು.

ಇನ್ನು ಎರಡು ತಲೆಯ ವಿಷಯ. ವಿಷ್ಣುಶರ್ಮನ ಪಂಚತಂತ್ರದಲ್ಲಿ ಭಾರುಂಡವೆಂಬ ಹಕ್ಕಿಯ ಕಥೆ ಬರುತ್ತದೆ. ಅದಕ್ಕೆ ಕುತ್ತಿಗೆ ಎರಡು, ಹೊಟ್ಟೆ ಒಂದೇ. ಸಮುದ್ರತೀರದಲ್ಲಿ ಒಂದು ತಲೆಗೆ ಅಮೃತದಂತಹ ಹಣ್ಣು ದೊರೆಯಿತು. ಎರಡನೆಯ ತಲೆ ತನಗೂ ರುಚಿ ನೋಡಲು ಕೊಡೆಂದು ಬೇಡಿತು. ‘ಇಬ್ಬರಿಗೂ ಹೊಟ್ಟೆ ಒಂದೇ, ತೃಪ್ತಿಯೂ ಒಂದೇ, ನಿನಗೇಕೆ ಬೇರೆ?’ ಎಂದು ಮೊದಲನೆಯದು ಕೊಡಲಿಲ್ಲ. ಎರಡನೆಯ ತಲೆ ಆ ಅವಮಾನವನ್ನು ಮರೆಯಲಿಲ್ಲ. ಇನ್ನೊಂದು ದಿನ ವಿಷದ ಹಣ್ಣು ಕಂಡಾಗ ಹಟದಿಂದ ಅದನ್ನು ತಿಂದಿತು. ಹೊಟ್ಟೆ ಒಂದೇ ಆದುದರಿಂದ ಎರಡೂ ತಲೆಗಳು ಸತ್ತವು. ಈ ಕಥೆಯನ್ನು ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂಬ ಒಂದು ನೀತಿಗೆ ಇಳಿಸಿದರೆ ಸಾಲದು. ಮೊದಲನೆಯ ತಲೆ ಆಡಿದ ಮಾತನ್ನು ಗಮನಿಸಬೇಕು. ಅದು ಏಕತೆಯ ಹೆಸರು ಹೇಳಿಯೇ ಎರಡನೆಯದರ ಪಾಲನ್ನು ಕಿತ್ತುಕೊಂಡಿತು. ‘ಎಲ್ಲರದೂ ಒಂದೇ ನಾಡು, ರಾಜಧಾನಿ ಉಂಡರೆ ಗಡಿಯ ತಾಲ್ಲೂಕೂ ಉಂಡಂತೆ’ ಎಂಬ ವಾದ ಈ ಬಗೆಯದು. ವಿಷವನ್ನು ತಿಂದ ತಲೆಯದು ಎಷ್ಟು ತಪ್ಪೋ ಅಮೃತವನ್ನು ಹಂಚಿಕೊಳ್ಳದ ತಲೆಯದೂ ಅಷ್ಟೇ ತಪ್ಪು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಅರಸರ ಗುರುತನ್ನು ಪ್ರಜಾರಾಜ್ಯ ಏಕೆ ಹೊರಬೇಕೆಂಬುದು ಮೊದಲನೆಯದು. ಇದಕ್ಕೆ ಭೇರುಂಡ ಗಳೆಯೇ ಉತ್ತರ. ಜನರು ತಮ್ಮ ಕೈಗೆ ತೆಗೆದುಕೊಂಡ ಬಳಿಕ ಗುರುತು ಜನರದೇ ಆಗುತ್ತದೆ. ಅದನ್ನು ಯಾರಿಂದ ಪಡೆದರೆಂಬುದಕ್ಕಿಂತ ಅದರಿಂದ ಏನನ್ನು ಅಳೆಯುತ್ತಾರೆಂಬುದು ಮುಖ್ಯ. ಇಲ್ಲದ ಹಕ್ಕಿಯ ಕಥೆಯನ್ನು ಮಕ್ಕಳಿಗೆ ಹೇಳುವುದು ಮೂಢನಂಬಿಕೆಯಲ್ಲವೇ ಎಂಬುದು ಎರಡನೆಯದು. ಹಕ್ಕಿ ಇದ್ದಿತೆಂದು ಕಲಿಸಿದರೆ ಮೂಢನಂಬಿಕೆ; ಹಕ್ಕಿಯನ್ನು ಮನುಷ್ಯರು ಕಲ್ಪಿಸಿದರೆಂದೂ ಯಾವ ಯಾವ ಕಾಲದಲ್ಲಿ ಯಾವ ಯಾವ ಉದ್ದೇಶಕ್ಕೆ ಕಲ್ಪಿಸಿದರೆಂದೂ ಕಲಿಸಿದರೆ ಅದೇ ವಿವೇಕದ ಪಾಠ. ಸಂಕೇತವನ್ನು ಓದಬಲ್ಲವನನ್ನು ಸಂಕೇತದಿಂದ ಮರುಳುಗೊಳಿಸುವುದು ಕಷ್ಟ.

ನಿಡುಗಲ್ಲಿನ ಸೀಮೆಗೆ ಈ ಪಾಠ ಹೊರಗಿನಿಂದ ಬರಬೇಕಾಗಿಲ್ಲ. ನಿಡುಗಲ್ಲು ದುರ್ಗವನ್ನಾಳಿದ ಚೋಳರು ತಮ್ಮನ್ನು ತಮಿಳು ನಾಡಿನ ಕರಿಕಾಲನ ವಂಶದವರೆಂದೂ ಒರೆಯೂರಿನ ಒಡೆಯರೆಂದೂ ಹೇಳಿಕೊಂಡರು. ಶಾಸನಗಳನ್ನು ಕನ್ನಡದಲ್ಲಿ ಬರೆಸಿದರು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಇಂದು ಹೇಮಾವತಿಯೆಂಬ ಹೆಸರಿನಿಂದ ಆಂಧ್ರಪ್ರದೇಶದಲ್ಲಿದೆ. ಅಲ್ಲಿರುವ ಶಾಸನಗಳ ಭಾಷೆ ಕನ್ನಡ. ಶಿರಾ 1687ರಿಂದ ಮೊಗಲರ ಸುಬಾದ ಕೇಂದ್ರವಾಗಿತ್ತು. 1761ರಲ್ಲಿ ಹೈದರಾಲಿಯ ವಶವಾಯಿತು. ಮಧುಗಿರಿಯನ್ನು 1678ರಲ್ಲಿ ಚಿಕ್ಕದೇವರಾಜ ಒಡೆಯರು ಗೆದ್ದರು. ಇಷ್ಟು ಧ್ವಜಗಳು ಈ ಬೆಟ್ಟಗಳ ಮೇಲೆ ಏರಿ ಇಳಿದವು. ಆದರೆ ಮಧುಗಿರಿಯಲ್ಲಿ ವೆಂಕಟರಮಣಸ್ವಾಮಿಯ ಗುಡಿಯೂ ಮಲ್ಲೇಶ್ವರನ ಗುಡಿಯೂ ಒಂದರ ಪಕ್ಕದಲ್ಲೊಂದು ನಿಂತೇ ಇವೆ. ಗಂಡಭೇರುಂಡ, ಶರಭಗಳ ಜಗಳವನ್ನು ಈ ಊರಿನವರು ಗುಡಿಯ ಅಂಗಳದಲ್ಲಿಯೇ ಮುಗಿಸಿಕೊಂಡಿದ್ದಾರೆ. ಪಾವಗಡ ತಾಲ್ಲೂಕನ್ನು ಬಹುತೇಕ ಎಲ್ಲ ದಿಕ್ಕುಗಳಲ್ಲಿಯೂ ಆಂಧ್ರಪ್ರದೇಶ ಸುತ್ತುವರಿದಿದೆ. ಇಲ್ಲಿನ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಾತು ಎರಡಾದರೂ ಮಳೆಗಾಗಿ ನೋಡುವ ಮುಗಿಲು ಒಂದೇ, ಬರ ಬಂದಾಗ ಬೇಯುವ ಹೊಟ್ಟೆ ಒಂದೇ. ಎರಡು ತಲೆ ಒಂದೇ ಒಡಲೆಂಬ ಮಾತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಹೊಟ್ಟೆಯ ಮಾತು ಬಂದಾಗ ಶರಣರ ದಾಸೋಹವನ್ನು ನೆನೆಯದಿರಲಾಗದು. ಉತ್ತರ ಕೊರಿಯಾದ ಕುದುರೆಗೆ ರೆಕ್ಕೆಯನ್ನು ಕೊಟ್ಟವರು ಹೊಟ್ಟೆಯನ್ನು ಮರೆತರು. ಕಲ್ಯಾಣದ ಶರಣರು ಕಾಯಕದ ಜೊತೆಗೇ ದಾಸೋಹವನ್ನಿಟ್ಟರು. ದುಡಿಮೆಯನ್ನು ಹೇಳಿದ ಉಸಿರಿನಲ್ಲಿಯೇ ಹಂಚಿಕೆಯನ್ನೂ ಹೇಳಿದರು. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಲ್ಲಿ ಡಾ. ಶಿವಕುಮಾರ ಸ್ವಾಮಿಗಳು (1907–2019) ಜಾತಿಮತಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡಿದುದು ಇದೇ ಪರಂಪರೆ. 2002ರಲ್ಲಿ ಕರ್ನಾಟಕ ಸರಕಾರ ಶಾಲಾ ಮಕ್ಕಳ ಮಧ್ಯಾಹ್ನದ ಊಟದ ಯೋಜನೆಯನ್ನು ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ಗಂಡಭೇರುಂಡದ ಮುದ್ರೆಯುಳ್ಳ ಸರಕಾರದ ಆಡಳಿತದೊಳಗೆ ಶರಣರ ಶಬ್ದ ಸೇರಿದ್ದು ಸಾಮಾನ್ಯ ಸಂಗತಿಯಲ್ಲ. ಲಾಂಛನಕ್ಕೆ ಸದರ್ಥವನ್ನು ತುಂಬುವುದೆಂದರೆ ಹೀಗೆ.

ಆದುದರಿಂದ ಈ ವಿದ್ಯಾಸಂಸ್ಥೆಯ ಹಿತೈಷಿಗಳು ಕೆಲವು ಸಣ್ಣ ಕಾರ್ಯಗಳನ್ನು ಕೈಗೊಂಡರೆ ಒಳಿತಾಗುತ್ತದೆ. ಉಪಾಧ್ಯಾಯರು ವರ್ಷಕ್ಕೊಮ್ಮೆ, ನವೆಂಬರ್ 1ರ ಸಮೀಪದ ಒಂದು ದಿನ, ರಾಜ್ಯಲಾಂಛನವನ್ನು ಕಪ್ಪುಹಲಗೆಯ ಮೇಲೆ ಬರೆದು ಅದರ ಒಂದೊಂದು ಅಂಗವನ್ನೂ ಬಿಡಿಸಿ ಹೇಳಲಿ. ಶರಭ ಮತ್ತು ಗಂಡಭೇರುಂಡಗಳ ಕಥೆಯನ್ನು ಎರಡೂ ಮತಗಳ ಪಾಠದಲ್ಲಿ ಹೇಳಿ, ಬಳಿಕ ಕೆಳದಿಯ ಛಾವಣಿಯನ್ನು ತೋರಿಸಲಿ. ಪ್ರವಾಸ ಹೊರಡುವ ಮಕ್ಕಳು ಬೇಲೂರಿನಲ್ಲಿ ಆ ಋಷಿಯ ಶಿಲ್ಪವನ್ನು ಹುಡುಕಲಿ; ಬಳ್ಳಿಗಾವೆಯಲ್ಲಿ ಕಂಬದೆದುರು ನಿಂತು ಭೇರುಂಡ ಗಳೆಯ ಸಂಗತಿಯನ್ನು ಕೇಳಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಸರಕಾರದ ಹುದ್ದೆಗಳಲ್ಲಿರುವವರು ದಿನಕ್ಕೆ ಹತ್ತು ಬಾರಿ ಆ ಮುದ್ರೆಯ ಕೆಳಗೆ ಸಹಿ ಮಾಡುತ್ತಾರೆ. ಅವರ ಕೈಯಲ್ಲಿರುವುದು ಒಂದು ಗಳೆ. ಬಡವನ ಹೊಲವನ್ನು ಅದು ಕಡಿಮೆಯಾಗಿ ಅಳೆಯದಂತೆ ನೋಡಿಕೊಳ್ಳುವುದು ಅವರ ಹೊಣೆ. ದಾನಿಗಳಾದರೋ ತಮ್ಮ ದಾನದಿಂದ ಎದ್ದ ಕೊಠಡಿಯ ಗೋಡೆಯ ಮೇಲೆ ತಮ್ಮ ಹೆಸರಿನ ಫಲಕದ ಪಕ್ಕದಲ್ಲಿ ಈ ಎರಡು ತಲೆಯ ಹಕ್ಕಿಯ ಚಿತ್ರಕ್ಕೂ ನಾಲ್ಕು ಸಾಲಿನ ವಿವರಣೆಗೂ ಸ್ಥಳ ಕೊಡಲಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಶಕ್ತಿಯ ಸಂಕೇತವೆಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಕುಳಿತುಕೊಳ್ಳುವ ವಿದ್ಯಾರ್ಥಿ, ಮುಂದೆ ಎದ್ದು ನಿಂತು, ‘ಅದು ಹಗೆಯನ್ನು ಬಿಟ್ಟವರ ಸಂಕೇತ, ಒಂದೇ ಹೊಟ್ಟೆಯವರ ಸಂಕೇತ, ಆದುದರಿಂದ ಹಂಚಿ ಉಣ್ಣಬೇಕಾದವರ ಸಂಕೇತ’ ಎಂದು ಹೇಳುವಂತಾದರೆ ಉಪಾಧ್ಯಾಯರ ಶ್ರಮ ಸಾರ್ಥಕ. ಸಾವಿರ ವರ್ಷಗಳ ಹಿಂದೆ ಸಾಮಂತನೊಬ್ಬನ ಬಿರುದಿನಲ್ಲಿದ್ದ ಹಕ್ಕಿಯನ್ನು ಕನ್ನಡ ನಾಡಿನ ಜನ ನಾಣ್ಯದಿಂದ ಗುಡಿಗೆ, ಗುಡಿಯಿಂದ ವಿಶ್ವವಿದ್ಯಾನಿಲಯಕ್ಕೆ, ವಿಶ್ವವಿದ್ಯಾನಿಲಯದಿಂದ ಹಳ್ಳಿಯ ಬಸ್ಸಿಗೆ ತಂದುಕೊಂಡಿದ್ದಾರೆ. ಇನ್ನು ಅದು ಪ್ರವೇಶಿಸಬೇಕಾದುದು ತರಗತಿಯನ್ನು. ಆ ಬಾಗಿಲನ್ನು ತೆರೆಯುವ ಕೆಲಸ ಉಪಾಧ್ಯಾಯರದು.